ಅನುವಾದಿಸದೆ ಬಿಟ್ಟ ಸಾಲುಗಳು

ಟಿ.ವಿ. ನೋಡುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ, ಮಸೀದಿಯ ಅಂಗಳಗಳಲ್ಲಿ ಬೇಕಾದಷ್ಟು ನಡೆದಿದೆ. ಅದನ್ನು ಮತ್ತೆ ಎತ್ತುವುದು ಈ ಬರಹದ ಉದ್ದೇಶವಲ್ಲ. ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವುದು ಅದರ ನಂತರದ ಪ್ರಶ್ನೆ. ನೋಡಿದವನ ಮೇಲೆ ಏನಾದರೂ ಹೊಣೆ ಬೀಳುತ್ತದೆಯೇ? ಕತೆ ಬರೆದವನಿಗೆ, ಚಿತ್ರ ತೆಗೆದವನಿಗೆ, ಹಣ ಹಾಕಿದವನಿಗೆ ಹೊಣೆ ಇದೆ ಎಂದು ನಾವು ಪದೇ ಪದೇ ಹೇಳುತ್ತೇವೆ. ಚಾಪೆಯ ಮೇಲೆ ಕುಳಿತು ಸುಮ್ಮನೆ ನೋಡಿದವನು ಮಾತ್ರ ನಿರಪರಾಧಿಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಶ್ರೀರಂಗಪಟ್ಟಣದ ನಮ್ಮ ಹಳೆಯ ಮನೆಯ ನಡುಮನೆಯಿಂದ ಬಂದದ್ದು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೀದಿಗೆ ಬಂದ ಮೊದಲ ಕಪ್ಪುಬಿಳುಪು ಟಿ.ವಿ. ನಮ್ಮ ಮನೆಯದಾಗಿತ್ತು. ಅಬ್ಬಾ ಅದನ್ನು ಕ್ರಿಕೆಟ್ಟಿಗೆಂದು ತಂದರು. ಆದರೆ 1987ರ ಜನವರಿಯಲ್ಲಿ ರಮಾನಂದ ಸಾಗರರ 'ರಾಮಾಯಣ' ಶುರುವಾದದ್ದೇ ತಡ, ಭಾನುವಾರ ಬೆಳಿಗ್ಗೆ ಆ ಮನೆ ನಮ್ಮದಾಗಿ ಉಳಿಯಲಿಲ್ಲ. ಗೌಡರ ಮನೆಯವರು, ಕುಂಬಾರರ ಮನೆಯವರು, ಹಿಂದಿನ ಬೀದಿಯ ಆಚಾರಿಗಳು, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಅಮ್ಮಾ ಒಲೆಯ ಮೇಲೆ ಚಹಾ ಇಟ್ಟೇ ಇರುತ್ತಿದ್ದಳು.

ಬಂದವರಿಗೆ ಒಂದು ತೊಡಕಿತ್ತು. ಆ ರಾಮ, ಆ ಸೀತೆ ಹಿಂದಿಯಲ್ಲಿ ಮಾತನಾಡುತ್ತಿದ್ದರು. ನಮ್ಮೂರಿನಲ್ಲಿ ಹಿಂದಿ ಅರ್ಥವಾಗುತ್ತಿದ್ದುದು ಮನೆಯಲ್ಲಿ ಉರ್ದು ಆಡುವ ನಮ್ಮಂಥವರಿಗೆ. ಹೀಗೆ ರಾಮಾಯಣವನ್ನು ಬೀದಿಗೆ ಕನ್ನಡದಲ್ಲಿ ಹೇಳುವ ಕೆಲಸ ಪ್ರೈಮರಿ ಶಾಲೆಯ ಕೊನೆಯ ತರಗತಿಯಲ್ಲಿದ್ದ ನನ್ನ ಪಾಲಿಗೆ ಬಂತು. ಕತೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಾತು ಮಾತ್ರ ಬೇಕಾಗಿತ್ತು. ಪಕ್ಕದ ಮನೆಯ ಗೌಡರ ಅಜ್ಜಿ ನನ್ನ ಮಗ್ಗುಲಲ್ಲೇ ಕೂತು ಮೊಣಕೈಯಿಂದ ತಿವಿಯುತ್ತಿದ್ದರು: "ಏನಂದ ಮಗ ಅವ್ನು?" ನಾನು ಹೇಳುತ್ತಿದ್ದೆ. ನಾನು ಹೇಳಿದ್ದು ತಪ್ಪಾದರೆ ಅಜ್ಜಿಯೇ ತಿದ್ದುತ್ತಿದ್ದರು. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನದೂ ಇದೇ ಪಾಡಾಗಿತ್ತು. ಕನ್ನಡದ ನಟರು ಕನ್ನಡದ ನೆಲದಲ್ಲಿ ಆಡಿದ ಕತೆಯನ್ನು ಕನ್ನಡಿಗರಿಗೆ ಒಬ್ಬ ಉರ್ದು ಮಾತಿನ ಹುಡುಗ ಬಿಡಿಸಿ ಹೇಳಬೇಕಾಗಿ ಬಂದದ್ದು ಆಗ ಯಾರಿಗೂ ವಿಚಿತ್ರವೆನಿಸಲಿಲ್ಲ.

ಇಷ್ಟು ವರ್ಷಗಳ ಮೇಲೆ ಒಬ್ಬ ನೋಡುಗನಾಗಿ ಹೇಳುವುದಾದರೆ ಸಾಗರರ ರಾಮಾಯಣ ನನಗೆ ಅಷ್ಟಾಗಿ ರುಚಿಸಿರಲಿಲ್ಲ. ಒಂದೊಂದು ಮುಖವನ್ನೂ ಅಷ್ಟು ಹೊತ್ತು ತೋರಿಸುತ್ತಿದ್ದರು. ಆಕಾಶದಲ್ಲಿ ಬಾಣಗಳು ಎದುರುಬದುರಾಗಿ ಡಿಕ್ಕಿ ಹೊಡೆಯುವಾಗ ನಾವು ಹುಡುಗರು ಶಿಳ್ಳೆ ಹಾಕುತ್ತಿದ್ದುದು ಭಕ್ತಿಯಿಂದಲ್ಲ. ಆದರೆ 1988ರ ಅಕ್ಟೋಬರ್ 2ರಂದು ಆರಂಭವಾದ ಬಿ.ಆರ್. ಚೋಪ್ರಾರ 'ಮಹಾಭಾರತ' ಬೇರೆಯೇ ಮಾತು. ಅದರ ಸಂಭಾಷಣೆಗೆ ಒಂದು ತೂಕವಿತ್ತು. ಬರೆದವರು ರಾಹಿ ಮಾಸೂಮ್ ರಜಾ ಎಂದು ಅಬ್ಬಾ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದರು. ಪಾಂಡವಪುರದಿಂದ ಬರುತ್ತಿದ್ದ ನೆಂಟರ ಹುಡುಗರಂತೂ ಅದು ತಮ್ಮ ಊರಿನ ಕತೆಯೇ ಎಂಬಂತೆ ಆಡುತ್ತಿದ್ದರು. ಅವರಿಗೆ ಕುಂತಿಬೆಟ್ಟವಿತ್ತು, ಬಕಾಸುರನನ್ನು ಭೀಮ ಕೊಂದ ಜಾಗ ತಮಗೆ ಗೊತ್ತೆಂದು ಆಣೆ ಇಡುತ್ತಿದ್ದರು. ಅದೇ ಊರನ್ನು ಹೈದರ್, ಟಿಪ್ಪುವಿನ ಕಾಲದಲ್ಲಿ ಫ್ರೆಂಚರು ಬಿಡಾರ ಹೂಡಿದ್ದರಿಂದ ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರೆಂಬುದು ಅವರಿಗೆ ಅಷ್ಟು ಮುಖ್ಯವಾಗಿರಲಿಲ್ಲ. ಊರಿಗೂ ಕತೆ ಬೇಕು, ದಾಖಲೆ ಆಮೇಲೆ.

ಇದರ ನಡುವೆ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಬರುತ್ತದೆಂಬ ಸುದ್ದಿ ನಮ್ಮೂರಿಗೆ ತಲುಪಿತು. ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ತೆಗೆಯುತ್ತಿದ್ದ ಧಾರಾವಾಹಿ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣ. ನಮ್ಮೂರಿನಿಂದ ಹದಿನೈದು ಕಿಲೋಮೀಟರು. ಕೆಲವರು ಬಸ್ಸು ಹತ್ತಿ ನೋಡಲೂ ಹೋಗಿದ್ದರು. 1989ರ ಫೆಬ್ರುವರಿ 8ರಂದು ಅಲ್ಲಿ ಬೆಂಕಿ ಬಿತ್ತು. ಮದುವೆಯ ದೃಶ್ಯ. ಪಟಾಕಿ, ಸಡಿಲ ವೈರಿಂಗು, ಗೋಡೆಗಳಿಗೆ ಹೊದಿಸಿದ್ದ ಗೋಣಿತಟ್ಟು, ಗಾಳಿಯಾಡದ ಒಳಾಂಗಣ. ಬೆಂಕಿ ಆರಿಸಲು ಇದ್ದುದು ಕೆಲವು ಬಕೆಟ್ಟು ನೀರು, ಮರಳು. 62 ಮಂದಿ ಸತ್ತರು. ಸಂಜಯ್ ಖಾನ್ ತೀವ್ರವಾಗಿ ಸುಟ್ಟುಹೋಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ನಂತರ ಮರಳಿ ಬಂದರು. ಅವರು ಬದುಕಿ ಬಂದ ಕತೆ ಎಲ್ಲರಿಗೂ ಗೊತ್ತು. ಆ 62 ಮಂದಿಯಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ, ಕೇಳಬೇಕೆಂದೂ ಆಗ ಅನ್ನಿಸಲಿಲ್ಲ. ಧಾರಾವಾಹಿ ನಿಂತುಹೋಗುವುದೇ ಎಂಬುದೊಂದೇ ನಮ್ಮ ಬೀದಿಯ ಹುಡುಗರ ಚಿಂತೆಯಾಗಿತ್ತು. ನೋಡುಗನ ಹೊಣೆಯ ಬಗ್ಗೆ ಬರೆಯಹೊರಟವನು ಇದನ್ನೂ ಒಪ್ಪಿಕೊಳ್ಳಬೇಕು.

ಧಾರಾವಾಹಿ ನಿಲ್ಲಲಿಲ್ಲ. 1990ರಲ್ಲಿ ಪ್ರಸಾರ ಆರಂಭವಾಯಿತು. ಅಷ್ಟು ಹೊತ್ತಿಗೆ ದೇಶದಲ್ಲಿ ಗಾಳಿ ಬದಲಾಗಿತ್ತು. ಪ್ರಸಾರ ಕೂಡದೆಂಬ ಕೂಗೆದ್ದಿತ್ತು. ಕೊನೆಗೆ ಕಂತಿನ ಮುಂಚೆ ಪರದೆಯ ಮೇಲೆ ಕೆಲವು ಸಾಲುಗಳನ್ನು ತೋರಿಸುವ ಏರ್ಪಾಡಾಯಿತು. ಇದು ಕಾದಂಬರಿಯೊಂದರ ನಾಟಕರೂಪ, ಕಲ್ಪನೆ, ಇದರಲ್ಲಿನ ಘಟನೆಗಳ ಸತ್ಯಾಸತ್ಯತೆಯ ಬಗ್ಗೆ ಯಾವ ಹಕ್ಕುಸಾಧನೆಯೂ ಇಲ್ಲ, ಟಿಪ್ಪುವಿನ ಜೀವನಕ್ಕಾಗಲಿ ಆಳ್ವಿಕೆಗಾಗಲಿ ಇದು ಸಂಬಂಧಿಸಿದ್ದಲ್ಲ ಎಂಬುದು ಆ ಸಾಲುಗಳ ಸಾರ.

ಮೊದಲ ಸಲ ಆ ಅಕ್ಷರಗಳು ಮೂಡಿದಾಗ ನಡುಮನೆಯಲ್ಲಿ ಬೀದಿಯೆಲ್ಲ ಸೇರಿತ್ತು. ನಾನು ಹೈಸ್ಕೂಲಿನಲ್ಲಿದ್ದೆ, ಓದಿದರೆ ಅರ್ಥವಾಗುವಷ್ಟು ವಯಸ್ಸಾಗಿತ್ತು. ಅಜ್ಜಿ ಎಂದಿನಂತೆ ತಿವಿದು ಕೇಳಿದರು: "ಏನ್ ಮಗ ಬರ್ದವ್ರೆ ಅಲ್ಲಿ?"

"ಮಾಡ್ದೋರ್ ಹೆಸ್ರು ಕಣಜ್ಜಿ" ಅಂದೆ.

ಅದು ಸುಳ್ಳು. ಗೊತ್ತಿದ್ದೂ ಹೇಳಿದ ಸುಳ್ಳು. ಮುಂದಿನ ವಾರ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ಮಹಾಕಾವ್ಯಗಳನ್ನು ಸಾಲು ಸಾಲಾಗಿ ಹೇಳಿಕೊಟ್ಟ ಹುಡುಗ ತನ್ನ ಊರಿನ ಸುಲ್ತಾನನ ಸರದಿ ಬಂದಾಗ ನಾಲ್ಕು ಸಾಲು ನುಂಗಿದ.

ಯಾಕೆ ನುಂಗಿದೆ ಎಂಬುದಕ್ಕೆ ಆಗ ನನ್ನಲ್ಲಿ ಒಳ್ಳೆಯ ಉತ್ತರವೇ ಇತ್ತು. ಆ ಸಾಲುಗಳು ಅವಮಾನ ಎಂದು ನನಗನ್ನಿಸಿತ್ತು. ಟಿಪ್ಪು ನಮಗೆ ಕಾದಂಬರಿಯ ಪಾತ್ರವಾಗಿರಲಿಲ್ಲ. ಶಾಲೆಗೆ ಹೋಗುವ ಹಾದಿಯಲ್ಲಿ ಅವನ ದೇಹ ಸಿಕ್ಕಿದ ಜಾಗದ ಕಲ್ಲಿತ್ತು. ಗುಂಬಜ್‌ನಲ್ಲಿ ಅವನೂ ಅವನ ತಂದೆತಾಯಿಯೂ ಮಲಗಿದ್ದರು. ನಾವು ಓಡಾಡುವ ಕೋಟೆ, ನಮಾಝಿಗೆ ಹೋಗುವ ಮಸೀದಿ ಅವನದು. ಅಂಥವನನ್ನು ತೋರಿಸುವ ಮುಂಚೆ 'ಇದು ಸುಳ್ಳು' ಎಂದು ಹೇಳಿಸಿದರಲ್ಲ, ಉಳಿದ ಧಾರಾವಾಹಿಗಳಿಗೆ ಇಲ್ಲದ ಷರಾ ಇದಕ್ಕೊಂದಕ್ಕೇ ಯಾಕೆ? ಈ ಪ್ರಶ್ನೆಯಲ್ಲಿ ನ್ಯಾಯವಿತ್ತು, ಈಗಲೂ ಇದೆ. ಒಂದೇ ತಕ್ಕಡಿಯಲ್ಲಿ ಎಲ್ಲರನ್ನೂ ತೂಗದೆ ಒಬ್ಬನನ್ನು ಮಾತ್ರ ತೂಗಿದರೆ ತೂಕ ಸರಿಯಿದ್ದರೂ ಅನ್ಯಾಯವೇ.

ಆದರೆ ನನಗೆ ಅರ್ಥವಾಗಲು ತಡವಾದದ್ದು ಇನ್ನೊಂದು ಸಂಗತಿ. ಷರಾ ಹಾಕಿಸಿದ್ದು ಅನ್ಯಾಯವಿರಬಹುದು, ಷರಾದಲ್ಲಿ ಇದ್ದುದರ ಬಹುಪಾಲು ನಿಜವಾಗಿತ್ತು. ಅದು ಕಾದಂಬರಿಯೇ. ಟಿಪ್ಪುವಿನ ಆಳ್ವಿಕೆಗೆ ಸಂಬಂಧವೇ ಇಲ್ಲ ಎಂಬುದು ಅತಿರೇಕ, ಅದನ್ನು ಬರೆಸಿದವರಿಗೂ ಅದು ಗೊತ್ತಿತ್ತು. ಆದರೆ ನಾವು ನೋಡಿದ ಸಂಭಾಷಣೆ, ಕಣ್ಣೀರು, ತ್ಯಾಗದ ಕ್ಷಣಗಳೆಲ್ಲ ಕಟ್ಟಿದ್ದು. ಅನ್ಯಾಯವಾಗಿ ಹೇಳಿಸಿದ ನಿಜವನ್ನು ಮುಚ್ಚಿಡುವ ಹಕ್ಕು ನನಗಿತ್ತೇ? ಇದು ಸಣ್ಣ ಪ್ರಶ್ನೆಯೆಂದು ಓದುಗರಿಗೆ ಅನ್ನಿಸಬಹುದು. ನ್ಯಾಯದ ಸಾಕ್ಷಿಗಳಾಗಿ ನಿಲ್ಲಿ, ಅದು ನಿಮ್ಮ ವಿರುದ್ಧವೇ ಹೋದರೂ, ಹೆತ್ತವರ ಬಂಧುಗಳ ವಿರುದ್ಧ ಹೋದರೂ ಎಂಬ ಆಶಯದ ಆದೇಶ ಸೂರಃ ಅನ್ನಿಸಾದಲ್ಲಿದೆ. ಆ ಆಯತಿನ ಪ್ರವಚನವನ್ನು ಜುಮಾದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕೇಳುವಾಗೆಲ್ಲ ಕೋರ್ಟು, ಕಚೇರಿ, ಆಸ್ತಿಪಾಲು ನೆನಪಾಗುತ್ತಿದ್ದವು. ನಡುಮನೆಯ ಚಾಪೆಯೂ ಸಾಕ್ಷಿಕಟ್ಟೆಯಾಗಬಹುದೆಂದು ಹೊಳೆದಿರಲಿಲ್ಲ.

ಧಾರಾವಾಹಿಯ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡಬೇಕು. ನೌಷಾದ್ ಅವರ ಸಂಗೀತ ಇಂದಿಗೂ ಕಿವಿಯಲ್ಲಿದೆ. ಹೈದರ್ ಅಲಿಯಾಗಿ ಶಾಹಬಾಜ್ ಖಾನ್ ನನಗೆ ಟಿಪ್ಪುವಿಗಿಂತ ಹೆಚ್ಚು ಹಿಡಿಸಿದ. ಆ ಹೈದರನಿಗೆ ಸಿಟ್ಟು ಬರುತ್ತಿತ್ತು, ಆಸೆ ಇತ್ತು, ಲೆಕ್ಕಾಚಾರವಿತ್ತು. ಟಿಪ್ಪುವಿಗೆ ಮಾತ್ರ ಅನುಮಾನವೆಂಬುದೇ ಇರಲಿಲ್ಲ. ಅರವತ್ತು ಕಂತುಗಳ ಉದ್ದಕ್ಕೂ ಅವನು ತಪ್ಪು ಮಾಡಿದ್ದನ್ನು ನಾನು ನೆನಪಿಸಿಕೊಳ್ಳಲಾರೆ. ತಪ್ಪೇ ಮಾಡದವನನ್ನು ಗೌರವಿಸಬಹುದು, ಹತ್ತಿರ ಕೂರಿಸಿಕೊಳ್ಳುವುದು ಕಷ್ಟ. ಗಿರೀಶ್ ಕಾರ್ನಾಡರ 'ಟಿಪ್ಪುವಿನ ಕನಸುಗಳು' ನಾಟಕವನ್ನು ಓದಿದಾಗ ಈ ಕೊರತೆ ಏನೆಂದು ತಿಳಿಯಿತು. ಟಿಪ್ಪು ತನ್ನ ಕನಸುಗಳನ್ನು ತಾನೇ ಬರೆದಿಡುತ್ತಿದ್ದ, ಪಟ್ಟಣ ಬಿದ್ದ ಮೇಲೆ ಅದು ಅರಮನೆಯಲ್ಲಿ ಸಿಕ್ಕಿತು. 1792ರಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳಾಗಿ ಇಂಗ್ಲಿಷರಿಗೆ ಕೊಟ್ಟ ತಂದೆ ಅವನು. ಅಂಥವನ ರಾತ್ರಿಗಳು ಹೇಗಿದ್ದಾವು ಎಂದು ನಾಟಕ ಕೇಳುತ್ತದೆ. ಅದೂ ಕಲ್ಪನೆಯೇ, ಆದರೆ ಕನಸೆಂದು ಹೆಸರಿನಲ್ಲೇ ಹೇಳಿಕೊಂಡ ಕಲ್ಪನೆ.

ಮುಂದೆ ನಾನು ಕಾಲೇಜಿಗೆ ಹೋದೆ. ಅಲ್ಲಿ ಮೇಲುಕೋಟೆಯ ಒಬ್ಬ ಸಹಪಾಠಿಯಿದ್ದ. ಇಬ್ಬರೂ ಒಂದೇ ಬೆಂಚು. ಒಂದು ಸಲ ದೀಪಾವಳಿ ರಜೆಗೆ ಊರಿಗೆ ಹೋಗುವಾಗ ಪಟಾಕಿ ಕೊಂಡೆಯಾ ಎಂದು ಕೇಳಿದೆ. "ನಮ್ಮಲ್ಲಿ ನರಕ ಚತುರ್ದಶಿ ಆಚರಿಸೋಲ್ಲ" ಅಂದ. ಯಾಕೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಮಂಡಯಂ ಅಯ್ಯಂಗಾರ್ ಕುಟುಂಬಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ನೆನಪು ಅದು: ಆ ದಿನ ತಮ್ಮ ಹಿರೀಕರನ್ನು ಟಿಪ್ಪು ಕೊಲ್ಲಿಸಿದನೆಂದು. ನಾನು ಕೇಳಿದೆ, ಧಾರಾವಾಹಿ ನೋಡಿದ್ದೆಯಾ? "ಅದು ಬರೋ ಹೊತ್ತಿಗೆ ನಮ್ಮನೇಲಿ ಟಿ.ವಿ. ಆರಿಸಿಬಿಡ್ತಿದ್ರು ಕಣೋ. ಅಜ್ಜ ಎದ್ದು ಹೊರಗೆ ಹೋಗ್ತಿದ್ರು."

ನಾನು ಮಾಡಿದ್ದೇನೆಂದು ಹೇಳಲು ನಾಚಿಕೆಯಾಗುತ್ತದೆ. ಪಟ್ಟಿ ಓದತೊಡಗಿದೆ. ಶ್ರೀರಂಗಪಟ್ಟಣದ ರಂಗನಾಥನ ಗುಡಿಗೆ ಟಿಪ್ಪು ಕೊಟ್ಟ ಬೆಳ್ಳಿ ಪಾತ್ರೆಗಳು, ನಂಜನಗೂಡಿನ ಪಚ್ಚೆಲಿಂಗ, 1791ರಲ್ಲಿ ಮರಾಠಾ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಅವನು ಬರೆದ ಕಾಗದಗಳು, ಕಳಿಸಿದ ನೆರವು. ಎಲ್ಲವೂ ನಿಜ, ದಾಖಲೆಯಿರುವ ನಿಜ. ಅವನು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದ: "ನಾನು ಲೆಕ್ಕ ಕೇಳಲಿಲ್ಲವಲ್ಲ."

ಆ ಕೊಲೆಗಳ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ. ಎಷ್ಟು ಮಂದಿ, ಯಾವಾಗ, ಒಡೆಯರ ಮನೆತನದ ಪರವಾಗಿ ನಡೆದ ಸಂಚಿಗೆ ಕೊಟ್ಟ ಶಿಕ್ಷೆಯೇ ಅಥವಾ ಬೇರೆಯೇ ಎಂದು ಚರ್ಚಿಸಬಹುದು, ಚರ್ಚಿಸಬೇಕು. ಆದರೆ ಒಬ್ಬನ ಮನೆಯಲ್ಲಿ ಹಬ್ಬದ ದಿನ ದೀಪ ಹಚ್ಚದೆ ಇರುವಾಗ ಇನ್ನೊಬ್ಬನು ಬೆಳ್ಳಿ ಪಾತ್ರೆ ತೂಗುತ್ತಾ ಕೂರುವುದು ವಾದವಲ್ಲ. ಗುಡಿಗೆ ಕೊಟ್ಟ ದಾನ ಸಾವನ್ನು ಅಳಿಸುವುದಿಲ್ಲ. ಸಾವಿನ ನೆನಪೂ ದಾನವನ್ನು ಸುಳ್ಳುಮಾಡುವುದಿಲ್ಲ. ಎರಡೂ ಒಂದೇ ಮನುಷ್ಯನ ಕೈಯಿಂದ ಆದವೆಂದು ಒಪ್ಪಿಕೊಳ್ಳುವುದು ಧಾರಾವಾಹಿಗೆ ಆಗಲಿಲ್ಲ, ಅದನ್ನು ವಿರೋಧಿಸಿದವರಿಗೂ ಆಗಲಿಲ್ಲ, ಆ ದಿನ ಆ ಬೆಂಚಿನಲ್ಲಿ ನನಗೂ ಆಗಲಿಲ್ಲ. ಮೇಲುಕೋಟೆಗೂ ನಮ್ಮೂರಿಗೂ ಇರುವ ದೂರ ಒಂದು ಗಂಟೆಯ ಬಸ್ಸಿನದು. ಒಂದೇ ಹೊತ್ತಿನಲ್ಲಿ ಒಂದು ನಡುಮನೆಯಲ್ಲಿ ಚಪ್ಪಾಳೆ, ಇನ್ನೊಂದು ನಡುಮನೆಯಲ್ಲಿ ಕತ್ತಲೆ. ನಾನು ಚಪ್ಪಾಳೆಯ ಮನೆಯವನಾಗಿದ್ದೆ, ಅಷ್ಟೆ.

ಚಿತ್ರಗಳು ಯಾರ ಪರವಾಗಿ ಮಾತಾಡುತ್ತವೆಂಬುದು ಹೊಸ ಪ್ರಶ್ನೆಯೇನಲ್ಲ. ನಮ್ಮೂರಿನ ದರಿಯಾ ದೌಲತ್‌ಗೆ ಹೋದವರು ಪಶ್ಚಿಮದ ಗೋಡೆಯ ತುಂಬ ಹರಡಿರುವ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿರುತ್ತೀರಿ. 1780ರ ಗೆಲುವು, 1784ರಲ್ಲಿ ಕಟ್ಟಿದ ಅರಮನೆ. ನನ್ನ ದೃಷ್ಟಿಯಲ್ಲಿ ಅದೇ ಮಂಡ್ಯ ಜಿಲ್ಲೆಯ ಮೊದಲ ಸಿನಿಮಾ. ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಸುತ್ತ ಮದ್ದುಗುಂಡಿನ ಬಂಡಿ ಸಿಡಿಯುತ್ತಿದೆ, ತಲೆಗಳು ಉರುಳುತ್ತಿವೆ, ಟಿಪ್ಪು ಆನೆಯ ಮೇಲೋ ಕುದುರೆಯ ಮೇಲೋ ನಿರಾಳವಾಗಿ ಹೋಗುತ್ತಿದ್ದಾನೆ. ತಡವಾಗಿ ಬಂದ ನಿಜಾಮನನ್ನು ಗೇಲಿ ಮಾಡಿದ್ದಾರೆ. ಹಣ ಕೊಟ್ಟ ದೊರೆಯ ಕಣ್ಣಿಗೆ ಹೇಗೆ ಕಾಣಬೇಕೋ ಹಾಗೆ. ಪಟ್ಟಣ ಬಿದ್ದ ಮೇಲೆ ಅದೇ ಮನೆಯಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ತನ್ನವರ ಸೋಲಿನ ಆ ಚಿತ್ರವನ್ನು ಅಳಿಸುವ ಬದಲು ರಿಪೇರಿ ಮಾಡಿಸಿದ. ಮುಂದೆ ಮಸುಕಾದಾಗ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಹಾಕಿಸಿದರು. ಈಗ ನಾವು ನೋಡುತ್ತಿರುವುದು ಟಿಪ್ಪು ನೋಡಿದ ಗೆರೆಗಳನ್ನೇ ಅಲ್ಲ. ಸೋತವರ ಖರ್ಚಿನಲ್ಲಿ ಉಳಿದ ಗೆದ್ದವನ ಚಿತ್ರ. ವೆಲ್ಲೆಸ್ಲಿ ಯಾವ ಮನಸ್ಸಿನಿಂದ ಹಾಗೆ ಮಾಡಿಸಿದನೋ, ಅವನು ನಮಗೆ ಒಳ್ಳೆಯವನೇನಲ್ಲ. ಆದರೂ ತನಗೆ ಹಿಡಿಸದ ಚಿತ್ರದ ಎದುರು ದಿನಾ ಊಟ ಮಾಡುವುದು ಸಾಧ್ಯ ಎಂದು ತೋರಿಸಿಕೊಟ್ಟನಲ್ಲ.

ಹಿಡಿಸದ ಚಿತ್ರ ಎಂದಾಗ ನನಗೆ 'ನಾಗರಹಾವು' ನೆನಪಾಗುತ್ತದೆ. ಕೆ.ಆರ್. ಪೇಟೆಯಲ್ಲಿ ಅಮ್ಮಾನ ತವರು. ಬೇಸಿಗೆ ರಜೆಯಲ್ಲಿ ಮಾಮೂಗಳ ಜೊತೆ ಟೆಂಟ್ ಸಿನಿಮಾಗೆ ಹೋಗಿ ಮರಳಿನ ಮೇಲೆ ಕುಳಿತು ನೋಡಿದ ಚಿತ್ರ. 1972ರದ್ದು, ನಾನು ನೋಡಿದ್ದು ಹತ್ತಾರು ವರ್ಷ ತಡವಾಗಿ. ಪುಟ್ಟಣ್ಣನವರ ಕೈ ಅಂದರೆ ಕೈ, ಚಿತ್ರದುರ್ಗದ ಕೋಟೆಯ ಕಲ್ಲುಗಳು ಇನ್ನೂ ಕಣ್ಣಮುಂದಿವೆ. ಕಾದಂಬರಿಕಾರ ತ.ರಾ.ಸು. ಅವರಿಗೇ ಚಿತ್ರ ಮೆಚ್ಚಿಗೆಯಾಗಲಿಲ್ಲವಂತೆ, ನಮಗೆ ಆಯಿತು. ಅದರಲ್ಲಿ ಅಲಮೇಲುವಿನ ಹಿಂದೆ ಬೀಳುವ ಪುಂಡನ ಹೆಸರು ಜಲೀಲ. ರಾಮಾಚಾರಿ ಅವನನ್ನು ಬಡಿದಾಗ ಟೆಂಟೆಲ್ಲ ಶಿಳ್ಳೆ, ನಮ್ಮ ಮಾಮೂಗಳದೂ ಸೇರಿ. ಆ ಚಿತ್ರದ ಮುಸ್ಲಿಂ ಹೆಸರೆಂದು ಜನರ ನೆನಪಿನಲ್ಲಿ ಉಳಿದದ್ದು ಅದೊಂದೇ. ಆದರೆ ಜಲೀಲನಾಗಿ ಬಂದ ಆ ಹೊಸ ಹುಡುಗ ನಮ್ಮ ಜಿಲ್ಲೆಯ ದೊಡ್ಡರಸಿನಕೆರೆಯವನು. ಮುಂದೆ ಅಂಬರೀಷ್ ಎಂದು ರಾಜ್ಯವೇ ಕುಣಿದಾಡಿತು. ನಮ್ಮ ಮಾಮೂಗಳು ಅವರನ್ನು ಕೊನೆಯ ತನಕ 'ನಮ್ಮ ಜಲೀಲ್ ಭಾಯ್' ಎಂದೇ ಕರೆದರು. 2018ರಲ್ಲಿ ಅವರು ತೀರಿಕೊಂಡಾಗ ಅತ್ತರು. ಆ ಹೆಸರಿನಿಂದ ನೋವಾಗಬೇಕಿತ್ತೇ? ಆಗಲಿಲ್ಲ ಎಂಬುದು ನಿಜ. ಇದಾದ ಮೂರು ವರ್ಷಕ್ಕೆ ರಾಮನಗರದ ಬಂಡೆಗಳಲ್ಲಿ ತೆಗೆದ 'ಶೋಲೆ'ಯಲ್ಲಿ ಊರಿಗಾಗಿ ಮಗನನ್ನು ಕಳೆದುಕೊಂಡೂ ನಮಾಝಿಗೆ ಹೊರಡುವ ಕುರುಡ ಇಮಾಮ್ ಸಾಹೇಬ ಬಂದ. ಅವನನ್ನು ನೋಡಿ ಹೆಮ್ಮೆಪಟ್ಟೆವು. ಪುಂಡ ಅಥವಾ ಸಂತ. ನಡುವಿನ ಮನುಷ್ಯ, ಸಾಲ ಮಾಡುವವನು, ಜಗಳವಾಡುವವನು, ಮಗಳ ಮದುವೆಗೆ ಓಡಾಡುವವನು, ಪರದೆಯ ಮೇಲೆ ಬರಲು ಬಹಳ ಕಾಯಬೇಕಾಯಿತು. 2004ರ 'ಹಸೀನಾ', 2008ರ 'ಗುಲಾಬಿ ಟಾಕೀಸ್' ಬರುವ ತನಕ ಎನ್ನುತ್ತೇನೆ ನಾನು. ಗಿರೀಶ್ ಕಾಸರವಳ್ಳಿಯವರಿಗೆ ಆ ಋಣವಿದೆ. ಬಾನು ಮುಷ್ತಾಕರ 'ಕರಿನಾಗರಗಳು' ಕತೆ 'ಹಸೀನಾ' ಆಯಿತು, ವೈದೇಹಿಯವರ ಕತೆ 'ಗುಲಾಬಿ ಟಾಕೀಸ್' ಆಯಿತು.

ಈಗ ಬೇರೊಂದು ಸಿನಿಮಾದ ಮಾತು. ಅದನ್ನು ಯಾರೂ ನೋಡಿಲ್ಲ, ಯಾಕೆಂದರೆ ಅದು ತಯಾರಾಗಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಪ್ರಧಾನಿಯವರು ಮಂಡ್ಯಕ್ಕೆ ಬಂದಾಗ ಉರಿಗೌಡ, ನಂಜೇಗೌಡ ಎಂಬ ಹೆಸರಿನ ಸ್ವಾಗತ ಕಮಾನು ಎದ್ದು, ಗಲಾಟೆಯಾಗಿ ಬದಲಾಯಿತು. ಟಿಪ್ಪುವನ್ನು ಕೊಂದದ್ದು ಇಂಗ್ಲಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬ ಮಾತು ಅದಕ್ಕೂ ಮುಂಚೆ ನಾಟಕವೊಂದರಿಂದ ಊರೂರಿಗೆ ಹಬ್ಬಿತ್ತು. ಅಂಥ ಹೆಸರಿನವರು ಇದ್ದರೆಂಬುದಕ್ಕೆ ಒಂದು ಪುಸ್ತಕದ ಉಲ್ಲೇಖ ತೋರಿಸಿದರು. ಅವರೇ ಕೊಂದರೆಂಬುದಕ್ಕೆ ಆ ಕಾಲದ ದಾಖಲೆಯನ್ನು ಯಾರೂ ತೋರಿಸಲಿಲ್ಲ. ಆಗ ಸಚಿವರೂ ಆಗಿದ್ದ ನಿರ್ಮಾಪಕ ಮುನಿರತ್ನ ಅದೇ ಹೆಸರಿನಲ್ಲಿ ಸಿನಿಮಾ ಘೋಷಿಸಿದರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಅವರನ್ನು ಕರೆಸಿ ಮಾತಾಡಿದರು. ಸರಿಯಾದ ಐತಿಹಾಸಿಕ ಆಧಾರವಿಲ್ಲದೆ ಮುಂದುವರಿಯಬಾರದು ಎಂಬುದು ಅವರ ನಿಲುವಾಗಿತ್ತು. ಸಿನಿಮಾ ಕೈಬಿಟ್ಟರು.

ನಾವೆಲ್ಲ ಸಂತೋಷಪಟ್ಟೆವು. ಸ್ವಾಮೀಜಿಯವರ ಬಗ್ಗೆ ಗೌರವ ಹೆಚ್ಚಿತು, ಅದಕ್ಕೆ ಅವರು ಅರ್ಹರೇ. ಆದರೆ ಆ ರಾತ್ರಿ ನಿದ್ದೆ ಬರದೆ ಯೋಚಿಸಿದೆ. ಪುರಾವೆ ಎಲ್ಲಿ ಎಂದು ನಾನು ಆ ಸಿನಿಮಾವನ್ನು ಕೇಳುತ್ತಿದ್ದೇನೆ. 1990ರಲ್ಲಿ ಪುರಾವೆಯಿಲ್ಲ ಎಂದು ಪರದೆಯೇ ಹೇಳಿದಾಗ ಆ ಮಾತನ್ನು ಮುಚ್ಚಿಟ್ಟವನೂ ನಾನೇ. ಹಾಗಾದರೆ ನನಗೆ ಬೇಕಿರುವುದು ಸತ್ಯವೇ, ಅಥವಾ ನನಗೆ ಒಪ್ಪುವ ಕತೆಯೇ?

ಎರಡೂ ಒಂದೇ ಎಂದು ಹೇಳಿ ಸಮಾಧಾನ ಮಾಡಿಕೊಳ್ಳಲು ನಾನು ಸಿದ್ಧನಿಲ್ಲ. ಸತ್ತ ದೊರೆಯೊಬ್ಬನನ್ನು ಇದ್ದುದಕ್ಕಿಂತ ದೊಡ್ಡವನನ್ನಾಗಿ ತೋರಿಸುವುದಕ್ಕೂ, ಬದುಕಿರುವ ಎರಡು ನೆರೆಮನೆಗಳ ನಡುವೆ ಇಲ್ಲದ ಕೊಲೆಯೊಂದನ್ನು ತಂದಿಡುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ನನ್ನನ್ನು ಉಬ್ಬಿಸುತ್ತದೆ, ಎರಡನೆಯದು ಪಕ್ಕದ ಮನೆಯವನ ಕೈಗೆ ಕತ್ತಿ ಕೊಡುತ್ತದೆ. ಅದರಿಂದ ಆಗಬಹುದಾದ ಕೇಡು ಬೇರೆ ಪ್ರಮಾಣದ್ದು. ಆದರೆ ಈ ವ್ಯತ್ಯಾಸವನ್ನು ಮುಂದಿಟ್ಟು ನನ್ನ ಸುಳ್ಳಿಗೆ ವಿನಾಯಿತಿ ಪಡೆಯುವುದೂ ಸರಿಯಲ್ಲ. ಮೇಲುಕೋಟೆಯ ಗೆಳೆಯನ ಮನೆಗೆ ನಮ್ಮ ಮೊದಲನೆಯ ಕತೆಯೇ ಎರಡನೆಯದರಂತೆ ಕೇಳಿಸಿತ್ತಲ್ಲ. ಕೇಡಿನ ಅಳತೆ ಮಾಡುವ ಕೋಲು ಯಾವಾಗಲೂ ನನ್ನ ಕೈಯಲ್ಲೇ ಇರಬೇಕೆಂದು ನಾನು ಹಟ ಹಿಡಿಯುವಂತಿಲ್ಲ.

'ತಮಸ್' ಧಾರಾವಾಹಿಯನ್ನು ನಿಲ್ಲಿಸಬೇಕೆಂದು 1988ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋದಾಗ ನ್ಯಾಯಾಲಯ ಅದಕ್ಕೆ ಒಪ್ಪಲಿಲ್ಲ. ಅದಕ್ಕೂ ಮುಂಚೆ ಬಾಂಬೆ ಹೈಕೋರ್ಟಿನ ನ್ಯಾಯಾಧೀಶರು ತಾವೇ ಕೂತು ಧಾರಾವಾಹಿಯನ್ನು ನೋಡಿ ತೀರ್ಮಾನಿಸಿದ್ದರು. ಎಲ್ಲದರಲ್ಲೂ ಅಪಾಯವನ್ನೇ ಕಾಣುವ ದುರ್ಬಲ ಮನಸ್ಸಿನ ಅಳತೆಯಿಂದ ಚಿತ್ರವನ್ನು ತೂಗಬಾರದು, ವಿವೇಕವೂ ಧೈರ್ಯವೂ ಇರುವ ಸಾಮಾನ್ಯ ಮನುಷ್ಯನ ಅಳತೆಯಿಂದ ತೂಗಬೇಕು ಎಂಬುದು ತೀರ್ಪಿನ ನಡೆ. ನನಗೆ ಇದು ಬಹಳ ಇಷ್ಟವಾದ ಮಾತು. ಆದರೆ ಅದು ನೋಡುಗನ ಮೇಲೆ ದೊಡ್ಡ ಭಾರವನ್ನೇ ಹೊರಿಸುತ್ತದೆ. ಅಂಥ ಮನುಷ್ಯ ಒಬ್ಬ ಇದ್ದಾನೆಂದು ನಂಬಿ ನ್ಯಾಯಾಲಯ ಚಿತ್ರವನ್ನು ಬಿಡುಗಡೆ ಮಾಡಿತು. ಅವನು ನಾವಾಗದೆ ಹೋದರೆ ಆ ತೀರ್ಪಿಗೆ ಏನರ್ಥ?

ಈಗ ಪರದೆ ಅಂಗೈಗೆ ಬಂದಿದೆ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ಕಲ್ಲು ಬಿದ್ದು, ಅಂಗಡಿಗಳು ಉರಿದಾಗ ನನ್ನ ಫೋನಿಗೆ ಒಂದರ ಹಿಂದೊಂದು ವಿಡಿಯೋ ಬಂದವು. ಕೆಲವು ಒಂದು ಕಡೆಯವರ ಅಂಗಡಿ ಉರಿಯುವುದನ್ನು ತೋರಿಸುತ್ತಿದ್ದವು, ಕೆಲವು ಇನ್ನೊಂದು ಕಡೆಯವರದನ್ನು. ಅಲ್ಲಿ ನಮ್ಮ ನೆಂಟರಿದ್ದಾರೆ, ಭಯವಿತ್ತು. ಆ ಭಯದಲ್ಲಿ ನಾನು ಮೂರು ವಿಡಿಯೋಗಳನ್ನು ಮುಂದಕ್ಕೆ ಕಳಿಸಿದೆ. ಬೆಳಿಗ್ಗೆ ನೋಡಿಕೊಂಡರೆ ಮೂರೂ ಒಂದೇ ಕಡೆಯವು. ಉಳಿದವನ್ನು ನಾನು ನೋಡಿದ್ದೆ, ನಂಬಿದ್ದೆ, ಕಳಿಸಿರಲಿಲ್ಲ. ಮೂವತ್ತನಾಲ್ಕು ವರ್ಷಗಳಾದರೂ "ಮಾಡ್ದೋರ್ ಹೆಸ್ರು ಕಣಜ್ಜಿ" ಎಂದ ಹುಡುಗ ನನ್ನೊಳಗೆ ಹಾಗೇ ಕುಳಿತಿದ್ದ.

'ಗುಲಾಬಿ ಟಾಕೀಸ್'ನ ಗುಲಾಬಿ ಸಿನಿಮಾ ಹುಚ್ಚಿನ ಸೂಲಗಿತ್ತಿ. ಅವಳ ಮನೆಗೆ ಕಲರ್ ಟಿ.ವಿ., ಡಿಶ್ ಬಂದದ್ದೇ ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ಊರಿಗೆ ಅವಳು ಹೊರಗಿನವಳಾಗುತ್ತಾಳೆ. ಉಮಾಶ್ರೀ ಆ ಪಾತ್ರಕ್ಕೆ ರಾಷ್ಟ್ರಪ್ರಶ್ತಿ ಪಡೆದರು. ಚಿತ್ರ ನೋಡಿ ಬಂದ ದಿನ ನನಗೆ ನಮ್ಮ ನಡುಮನೆಯೇ ನೆನಪಾಗಿತ್ತು. ಒಟ್ಟಿಗೆ ಕುಳಿತು ಟಿ.ವಿ. ನೋಡಿದವರು ಒಟ್ಟಿಗೇ ಇರುತ್ತಾರೆಂಬ ಖಾತ್ರಿಯೇನೂ ಇಲ್ಲ. ಒಟ್ಟಿಗೆ ಕುಳಿತಾಗ ಒಬ್ಬರಿಗೊಬ್ಬರು ಏನು ಹೇಳಿದೆವು, ಏನು ಬಿಟ್ಟೆವು ಎಂಬುದರ ಲೆಕ್ಕ ಎಲ್ಲೋ ಉಳಿದಿರುತ್ತದೆ.

ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಕಳೆದ ವರ್ಷ ಅವರ ಮಗ, ನಾವು ಗೌಡಪ್ಪ ಎಂದು ಕರೆಯುವ ಹಿರಿಯರು, ನಮ್ಮ ಮನೆಯ ಜಗಲಿಗೆ ಬಂದು ಕೂತಿದ್ದರು. ಮೊಬೈಲಿನಲ್ಲಿ ಅದೇ ಧಾರಾವಾಹಿಯ ಮೊದಲ ಕಂತು ಹಾಕಿದ್ದೆ. ಆ ಮಾತಿಗೆ ಅವರಮ್ಮನಿಗೆ ನಾನು ಸುಳ್ಳು ಹೇಳಿದ್ದನ್ನೂ, ಆ ಸಾಲುಗಳಲ್ಲಿ ಏನಿತ್ತೆಂಬುದನ್ನೂ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡರು.

"ನಮ್ಮವ್ವಂಗೆ ಓದಕ್ ಬರ್ತಿರ್ನಿಲ್ಲ, ದಿಟ. ಆದ್ರೆ ಹೆಸ್ರಾದ್ರೆ ಮ್ಯಾಕೆ ಓಡ್ತಾ ಓಯ್ತವೆ ಸಾಯೇಬ್ರೆ, ಅವು ನಿಂತೇ ಇದ್ವಲ್ಲ" ಅಂದರು. "ಮನ್ಗೆ ಬಂದು ಯೋಳುದ್ಲು, ಆ ಐದ ಯಾಕೋ ಇವತ್ತು ನೆಟ್ಗೆ ಯೋಳ್ನಿಲ್ಲ ಅಂತ."

ಮುಂದಿನ ವಾರವೂ ಅವರು ಬಂದು ಅದೇ ಜಾಗದಲ್ಲಿ, ನನ್ನ ಮಗ್ಗುಲಲ್ಲೇ ಕುಳಿತಿದ್ದರು. ಅದು ನನಗೆ ಚೆನ್ನಾಗಿ ನೆನಪಿದೆ.